ಕಾರಿನ ತವರುಮನೆ

ನನ್ನ ತವರು ಸುಳ್ಳ ಎಂಬ ಹಳ್ಳಿ. ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯಿಂದ, ಬಸ್ಸಿಗೆ ಕಾಯುವ ಹೊತ್ತು ಬಿಟ್ಟರೆ, ಮುಕ್ಕಾಲು ಗಂಟೆಯ ದಾರಿ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ನನ್ನ ಯಜಮಾನರು ತಮ್ಮ ಕಾರನ್ನು ಒಮ್ಮೆಯೂ ಅಲ್ಲಿಗೆ ಒಯ್ದಿರಲಿಲ್ಲ. ಮದುವೆಗೋ ಮಣ್ಣಿಗೋ ಹೋಗಲೇಬೇಕಾದಾಗ ಬೇರೆಯವರ ಜೀಪಿನಲ್ಲಿ ಬರುತ್ತಿದ್ದರು. ಕೇಳಿದರೆ ತಪ್ಪನ್ನು ರಸ್ತೆಯ ಮೇಲೆ ಹಾಕುತ್ತಿದ್ದರು. ಎರೆಮಣ್ಣು ಕಾರಿನ ಅಡಿಗೆ ಮೆತ್ತಿದರೆ ತುಕ್ಕು ಹಿಡಿಯುತ್ತದಂತೆ. ಆ ರಸ್ತೆಗೆ ಡಾಂಬರು ಬಿದ್ದು ಎಷ್ಟೋ ವರ್ಷವಾಯಿತು, ಇವರ ಕಾರಣ ಮಾತ್ರ ಮಣ್ಣಿನದೇ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದೆ. ಪ್ರತಿ ಸಲವೂ ನನ್ನ ಅಣ್ಣ ನನ್ನ ಚೀಲ ಹೊತ್ತುಕೊಳ್ಳಲು ಊರ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಒಮ್ಮೆಯಾದರೂ ಅವನ ಮನೆಯ ಬಾಗಿಲಿಗೆ ಗಂಡನ ಕಾರಿನಲ್ಲಿ ಇಳಿಯಬೇಕೆಂಬ ಆಸೆ ನನಗಿತ್ತು. ಇಳಿದು ಏನಾಗಬೇಕಿತ್ತು ಎಂದರೆ ಏನೂ ಇಲ್ಲ, ಇಳಿಯಬೇಕಿತ್ತು ಅಷ್ಟೇ.

ಕಾರು ನನಗಿಂತ ಒಂದು ವರ್ಷ ಮೊದಲು ಈ ಮನೆಗೆ ಬಂದದ್ದು. ಹಾಗಾಗಿ ಹಿರಿಸೊಸೆ. ನನ್ನವರು ಅದನ್ನು ‘ಆಕಿ’ ಎಂದೇ ಕರೆಯುತ್ತಾರೆ. ಇಟಲಿಯವರ ನಕ್ಷೆ, ಮುಂಬೈಯ ಕಟ್ಟೋಣ, ಕೆನೆಯ ಬಣ್ಣ. ಪ್ರತಿ ರವಿವಾರ ಅದಕ್ಕೆ ಸ್ನಾನ. ಬಾಗಿಲಿನ ಒಳಗೆ ಒಂದು ಅರಿವೆ ತುಂಡು ಸದಾ ಇರುತ್ತದೆ, ಹತ್ತುವವರು ಅದರಿಂದ ಚಪ್ಪಲಿ ಒರೆಸಿಕೊಂಡೇ ಹತ್ತಬೇಕು. ಸರಕಾರಿ ನೌಕರಿಯಲ್ಲಿದ್ದಾಗ ಅವರು ಮೇಲಧಿಕಾರಿಗೂ ಈ ವಿಷಯದಲ್ಲಿ ರಿಯಾಯಿತಿ ಕೊಟ್ಟವರಲ್ಲ.

ನಾನು ಸಾಲೆಯ ನೌಕರಿಯಿಂದ ನಿವೃತ್ತಳಾದ ವರ್ಷ ಅವರೇ ಇಟಲಿ ಪ್ರವಾಸದ ಮಾತು ತೆಗೆದರು. ಹುಬ್ಬಳ್ಳಿ-ಧಾರವಾಡದವರೇ ಕೂಡಿ ಹೋಗುವ ಗುಂಪು, ಊಟಕ್ಕೆ ಅನ್ನ ಸಾರು. ನನಗಾಗಿಯೇ ಹೊರಟಿದ್ದಾರೆಂದು ನಾನು ಓಣಿಯ ತುಂಬ ಹೇಳಿಕೊಂಡು ಬಂದೆ. ಹೊರಡುವ ಹಿಂದಿನ ದಿನ ಅವರು ಕಾರಿನ ಒಂದು ವೀಲ್ ಕ್ಯಾಪನ್ನು, ಅಂದರೆ ಚಕ್ರದ ನಡುವಿನ ಸ್ಟೀಲ್ ಮುಚ್ಚಳವನ್ನು, ಬಿಚ್ಚಿ ತೊಳೆದು ನನ್ನ ಸೀರೆಗಳ ನಡುವೆ ಇಟ್ಟರು.

"ಇದ್ಯಾಕ್ರಿ?" ಎಂದೆ.

"ಮಿಲಾನದಾಗ ಒಂದು ದಿನಾ ಬಿಡುವೈತಿ. ಅಲ್ಲಿಂದ ರೈಲಿಗೆ ಹ್ವಾದ್ರ ಟ್ಯೂರಿನ್ ಅಂತ ಊರು. ಆಕಿ ತವರುಮನಿ. ಆಕಿನ್ನಂತೂ ಒಯ್ಯಾಕ ಆಗೂದಿಲ್ಲ, ಆಕಿದೇನರೆ ಒಂದು ಒಯ್ಯೂಣು."

"ಆಕಿ ಹುಟ್ಟಿದ್ದು ಮುಂಬೈದಾಗಲ್ರಿ?"

"ಮುಂಬೈ ಅಂದ್ರ ಹೆರಿಗಿ ದವಾಖಾನಿ ಇದ್ದಂಗ. ತವರು ಅಂತಾರೇನು ಅದಕ್ಕ?"

ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಚೀಲ ಬಿಚ್ಚಿಸಿ, ಮುಚ್ಚಳ ಎತ್ತಿ ಹಿಡಿದು ಏನೆಂದು ಕೇಳಿದ. ಊಟದ ತಟ್ಟೆ ಎಂದೆ. ಅವನು ಒಪ್ಪಿ ಬಿಟ್ಟ. ನನ್ನವರು ವಿಮಾನ ಏರುವ ತನಕ ನನ್ನೊಡನೆ ಮಾತಾಡಲಿಲ್ಲ.

ಟ್ಯೂರಿನ್ ಚೆಂದದ ಊರು. ಬೀದಿಯ ಉದ್ದಕ್ಕೂ ಕಮಾನಿನ ಪಡಸಾಲೆಗಳಿವೆ, ಮಳೆ ಬಂದರೂ ನೆನೆಯದೆ ಊರೆಲ್ಲ ಅಡ್ಡಾಡಬಹುದು. ಅರಮನೆ ಇದೆ, ದೂರದಲ್ಲಿ ಹಿಮದ ಬೆಟ್ಟಗಳಿವೆ. ಇದನ್ನೆಲ್ಲ ನೋಡಿದವಳು ನಾನು. ನನ್ನವರು ಉಂಗುರ ಕಳೆದುಕೊಂಡವರಂತೆ ತಲೆ ತಗ್ಗಿಸಿ, ರಸ್ತೆಯ ಬದಿಗೆ ನಿಂತ ಕಾರುಗಳನ್ನಷ್ಟೇ ನೋಡುತ್ತ ನಡೆದರು. ಒಂದು ಚರ್ಚಿನ ಮುಂದೆ ನಿಂತು ನನ್ನದೊಂದು ಫೋಟೋ ತೆಗೆಯಿರಿ ಎಂದೆ. ತೆಗೆದರು. ಅದರಲ್ಲಿ ನನ್ನ ಎಡ ಭುಜವಿದೆ, ಒಂದು ಹಳೆಯ ಕಾರಿನ ಪೂರ್ತಿ ಮುಖವಿದೆ. ಚರ್ಚು ಇಲ್ಲ.

ಆ ಕಾರಿನ ಮಾಲೀಕ, ಒಬ್ಬ ಮುದುಕ, ಪಕ್ಕದ ಮನೆಯಿಂದ ಹೊರಗೆ ಬಂದ. ಇವರು ಮೊಬೈಲಿನಲ್ಲಿ ನಮ್ಮ ಕಾರಿನ ಫೋಟೋ ತೋರಿಸಿದರು. ಅವನಿಗೆ ಕನ್ನಡ ಬಾರದು, ಇವರಿಗೆ ಇಟಲಿಯ ಭಾಷೆ ಬಾರದು. ಆದರೂ ಮುಕ್ಕಾಲು ಗಂಟೆ ಮಾತಾಡಿದರು. ಇಬ್ಬರೂ ಮೊಣಕಾಲೂರಿ ಕಾರಿನ ಅಡಿಯಲ್ಲಿ ತಲೆ ತೂರಿಸಿದರು. ನಾನು ಚರ್ಚಿನ ಮೆಟ್ಟಿಲ ಮೇಲೆ ಕೂತು, ಮನೆಯಿಂದ ತಂದಿದ್ದ ಒಗ್ಗರಣೆ ಅವಲಕ್ಕಿ ತಿಂದೆ. ಎದ್ದು ಬಂದ ನನ್ನವರು ಮೊಣಕಾಲು ಜಾಡಿಸಿಕೊಳ್ಳುತ್ತ, "ಭಾಳ ಛಲೋ ಮನಶ್ಯಾ. ನಮ್ಮ ಮಂದಿ ಇದ್ದಂಗದಾನ," ಎಂದರು. ನನ್ನ ತವರಿನ ಯಾರ ಬಗೆಗೂ ಈ ಮಾತು ಅವರ ಬಾಯಿಂದ ಬಂದದ್ದು ನಾನು ಕೇಳಿಲ್ಲ.

ಕೊನೆಗೆ ನಮ್ಮ ಕಾರಿನ ಕಂಪನಿಯ ಹಳೆಯ ಕಾರ್ಖಾನೆಗೆ ಹೋದೆವು. ಈಗ ಅಲ್ಲಿ ಅಂಗಡಿಗಳಿವೆ. ಹಿಂದೆ ಕೆಳಗಿನ ಮಹಡಿಯಲ್ಲಿ ಶುರುವಾದ ಕಾರು ಒಂದೊಂದೇ ಮಹಡಿ ಏರಿ, ಮಾಳಿಗೆ ತಲುಪುವ ಹೊತ್ತಿಗೆ ಪೂರ್ತಿಯಾಗುತ್ತಿತ್ತಂತೆ. ಆಮೇಲೆ ಅದನ್ನು ಮಾಳಿಗೆಯ ಮೇಲೆಯೇ ಓಡಿಸಿ ನೋಡುತ್ತಿದ್ದರಂತೆ. ಆ ರಸ್ತೆ ಇನ್ನೂ ಇದೆ. ಎರಡೂ ತುದಿಗೆ ಬಾಣಲೆಯ ಅಂಚಿನ ಹಾಗೆ ಓರೆಯಾಗಿ ಎದ್ದಿದೆ. ನಾವು ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ ಒಣಗಿಸುತ್ತೇವೆ. ಅವರು ಕಾರು ಓಡಿಸಿದ್ದಾರೆ.

ನನ್ನವರು ಚೀಲದಿಂದ ಮುಚ್ಚಳ ತೆಗೆದು, ಕರವಸ್ತ್ರ ಹಾಸಿ ಆ ರಸ್ತೆಯ ಮೇಲಿಟ್ಟರು. ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ಅತ್ತದ್ದನ್ನು ಅದಕ್ಕೂ ಮೊದಲು ಎರಡೇ ಸಲ ನೋಡಿದ್ದೆ. ನಮ್ಮ ಮಾವನವರು ತೀರಿಕೊಂಡಾಗ ಒಮ್ಮೆ, ಉಣಕಲ್ ಕೆರೆಯ ಹತ್ತಿರ ಲಾರಿಯೊಂದು ಕಾರಿಗೆ ಸವರಿ ಹೋದಾಗ ಒಮ್ಮೆ.

ನನಗೆ ಸಿಟ್ಟು ನೆತ್ತಿಗೇರಿತು. ಚೀಲದಲ್ಲಿ ಉಳಿದಿದ್ದ ಅವಲಕ್ಕಿ ತೆಗೆದು, ತವರಿಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬುವ ಹಾಗೆ, ಐದು ಹಿಡಿ ಮುಚ್ಚಳದೊಳಗೆ ಹಾಕಿದೆ. ಶೇಂಗಾ, ಕರಿಬೇವು ಎಲ್ಲ ಇತ್ತು ಅದರಲ್ಲಿ.

"ತವರಿಗೆ ಬಂದಾಕಿನ್ನ ಬರೇ ಉಡೀಲೆ ಕಳಸಬಾರದ್ರಿ," ಎಂದೆ.

ಚುಚ್ಚಲೆಂದೇ ಆಡಿದ ಮಾತು. ಆದರೆ ಅವರು ನನ್ನ ಕೈ ಹಿಡಿದುಕೊಂಡು, "ನಿನಗ ಇಷ್ಟ ತಿಳೀತೈತಿ ಅಂತ ನನಗ ಗೊತ್ತಿರಲಿಲ್ಲ ನೋಡು," ಎಂದು ಅಳುತ್ತಲೇ ಹೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವಲಕ್ಕಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿಗಿಟ್ಟುಕೊಂಡರು.

ಮರಳುವಾಗ ರೈಲಿನಲ್ಲಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ನನಗೂ ಒಂದು ತವರುಮನಿ ಐತ್ರಿ," ಎಂದೆ.

"ಗೊತ್ತೈತಿ."

"ಸುಳ್ಳದಾಗ ಐತ್ರಿ. ವಿಮಾನ ಬೇಕಾಗಿಲ್ಲ."

ಅವರು ಕಿಟಕಿಯ ಹೊರಗೆ ನೋಡಿದರು. ಒಂದು ನಿಲ್ದಾಣ ದಾಟಿದ ಮೇಲೆ, "ಅಲ್ಲೀ ರಸ್ತಿ..." ಎಂದು ಶುರುಮಾಡಿ ಅರ್ಧಕ್ಕೇ ಬಿಟ್ಟರು.

ಊರಿಗೆ ಬಂದ ವಾರಕ್ಕೆ, ನಾನು ಕೇಳದೆಯೇ, "ಈ ರವಿವಾರ ಸುಳ್ಳಕ್ಕ ಹೋಗೂಣು. ಆಕಿನ್ನ ತಗೊಂಡ," ಎಂದರು. ನಾನು ಅಣ್ಣನಿಗೆ ಫೋನ್ ಮಾಡಿ ಕಾರಿನಲ್ಲಿ ಬರುತ್ತೇವೆ ಎಂದು ಎರಡು ಸಲ ಹೇಳಿದೆ. ಅವನು ಎರಡು ಸಲವೂ ಹೂಂ ಎಂದ. ಅಂದು ರಾತ್ರಿ ಹೊಸ ಸೀರೆಗೆ ಇಸ್ತ್ರಿ ಹಾಕಿದೆ.

ರವಿವಾರ ಬೆಳಗಿನಿಂದ ಸಣ್ಣ ಮಳೆ. ಆದರೂ ಹೊರಟೆವು. ಸುಳ್ಳದ ಬಸ್ ನಿಲ್ದಾಣದ ಹತ್ತಿರ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಮನುಷ್ಯನೊಬ್ಬ ರಸ್ತೆಗೆ ಅಡ್ಡ ನಿಂತು ದೂರಕ್ಕೆ ನೋಡುತ್ತಿದ್ದ. ನನ್ನವರು ಹಾರ್ನ್ ಹಾಕಿದರು. ಅವನು ಸ್ವಲ್ಪ ಸರಿದು, ಮತ್ತೆ ನಮ್ಮ ಹಿಂದಿನ ದಾರಿಯನ್ನೇ ನೋಡಿದ. ಇವರು ಇನ್ನೊಮ್ಮೆ ಉದ್ದಕ್ಕೆ ಹಾರ್ನ್ ಒತ್ತಿದರು.

"ನಿಂದ್ರಸ್ರಿ. ಅಂವ ನಮ್ಮಣ್ಣ," ಎಂದೆ.

ಕಾರು ನಿಂತಿತು. ನಾನು ಕಿಟಕಿ ಇಳಿಸಿ, "ಕಾರಿನ್ಯಾಗ ಬರ್ತೇವಿ ಅಂತ ಹೇಳಿದ್ನೆಲ್ಲಣ್ಣಾ," ಎಂದೆ.

"ಹೇಳಿದ್ದಿ ತಂಗಿ. ಆದ್ರೂ ಬಸ್ಸಿನ ಹೊತ್ತಾತು, ಮನಸ ತಡೀಲಿಲ್ಲ."

ನಾನು ಇಳಿದು ಹಿಂದಿನ ಸೀಟಿಗೆ ಹೋದೆ. ನನ್ನವರೂ ಇಳಿದು ಬಂದು ಅಣ್ಣನಿಗೆ ಮುಂದಿನ ಬಾಗಿಲು ತೆಗೆದು ಹಿಡಿದರು. ಅಣ್ಣ ಕೊಪ್ಪೆ ಮಡಚಿ ಕಂಕುಳಲ್ಲಿಟ್ಟುಕೊಂಡ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಆಮೇಲೆ ಪಕ್ಕದ ಒದ್ದೆ ಹುಲ್ಲಿಗೆ ಒಂದೊಂದೇ ಅಂಗಾಲು ತಿಕ್ಕಿ ಒರೆಸಿಕೊಳ್ಳತೊಡಗಿದ.

"ಹಂಗ ಬರ್ರಿ, ಚಪ್ಪಲಿ ಹಾಕ್ಕೊಂಡ ಬರ್ರಿ," ಎಂದರು ನನ್ನವರು.

"ಇರಲಿ ಬಿಡ್ರಿ ಸಾಹೇಬರ. ನಮ್ಮೂರ ಮಣ್ಣು ಈ ಕಾರಿಗೆ ಆಗಿ ಬರೂದಿಲ್ಲಂತಲ್ರಿ."

ಅದು ಕುಹಕವಲ್ಲ. ಅಣ್ಣನಿಗೆ ಕುಹಕ ಬಾರದು, ತವರಿನ ಕುಹಕವೆಲ್ಲ ನನ್ನ ಪಾಲಿಗೇ ಬಂದಿದೆ. ವರ್ಷ ವರ್ಷವೂ ಗಂಡನ ಕಾರಣವನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಅವನಿಗೆ ಒಪ್ಪಿಸಿದವಳು ನಾನೇ. ಅವನು ಅದನ್ನು ನಂಬಿದ್ದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮನೆಯ ತನಕ ಅಣ್ಣ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ನನ್ನವರು ಮತ್ತೆ ಹಾರ್ನ್ ಒತ್ತಲಿಲ್ಲ. ನಾನು ಬಾಗಿಲಿಗೇ ಇಳಿದೆ. ಅದು ಅಂದುಕೊಂಡ ಹಾಗೆ ಇರಲಿಲ್ಲ.

ಸಂಜೆ ಹೊರಡುವಾಗ ಅಣ್ಣನ ಹೆಂಡತಿ, ನಮ್ಮ ವೈನಿ, ನನಗೆ ಉಡಿ ತುಂಬಿದಳು. ಹೊತ್ತಾತು ಎಂದು ಅವಸರ ಮಾಡುವ ನನ್ನವರು ಐದೂ ಬೊಗಸೆ ಮುಗಿಯುವ ತನಕ ಕಂಬಕ್ಕೆ ಒರಗಿ ನೋಡುತ್ತ ನಿಂತರು. ಆಮೇಲೆ ಬೂಟು ಹಾಕಿಕೊಂಡು, ಪಾದ ಹೂತುಹೋಗುವಂಥ ಅಂಗಳದ ಕೆಸರಿನಲ್ಲಿ ಅಡ್ಡ ನಡೆದು ಹೋಗಿ ಕಾರು ಹತ್ತಿ ಕೂತರು. ಅರಿವೆ ತುಂಡು ಬಾಗಿಲಿನಲ್ಲೇ ಇತ್ತು. ಬೂಟು ಒರೆಸಿಕೊಳ್ಳಿ ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ.