ಚಿಪ್ಪಿನೊಳಗೆ ಹಿಡಿಸದ ಬಟನ್

ಪಕ್ಕದ ಮನೆಯ ನಾಯಿ ಬೇಲಿಯ ಸಂದಿಯಲ್ಲಿ ನುಗ್ಗಿ ಬಂದ ದಿನವೇ ಅರ್ಲೀನಾ ಫ್ರೇಲಿಗೆ ವಿಷಯ ಗೊತ್ತಾದದ್ದು. ಆಗಸ್ಟ್ ತಿಂಗಳು. ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದಳು. ಅವಳು ಸಾಕಿದ, ಬಟನ್ ಎಂಬ ಹೆಸರಿನ ಆಮೆ ಅವಳ ಕಾಲ ಬುಡದಲ್ಲೇ ಕತ್ತು ಚಾಚಿಕೊಂಡು, ಏನಾದರೂ ಬಿದ್ದೀತು ಎಂದು ಕಾಯುತ್ತಿತ್ತು. ನಾಯಿ ಬಂದು ಮೂಗಿನಿಂದ ಅದನ್ನು ತಿವಿಯಿತು.

ಕೆಂಟಕಿಯ ಆ ಗುಡ್ಡಗಳಲ್ಲಿ ನಾಯಿಗಳು ಡಬ್ಬಿ ಆಮೆಯನ್ನು ಮೂಸುವುದು ಹೊಸದೇನಲ್ಲ. ಈ ಆಮೆಯ ಹೊಟ್ಟೆಯ ಚಿಪ್ಪಿನ ನಡುವೆ ಕೀಲಿನಂಥದ್ದು ಇರುತ್ತದೆ. ಹೆದರಿದಾಗ ತಲೆ, ಕಾಲು, ಬಾಲ ಎಲ್ಲವನ್ನೂ ಒಳಗೆಳೆದುಕೊಂಡು ಹಿಂದೆ ಮುಂದೆ ಎರಡೂ ಕಡೆ ಮುಚ್ಚಳ ಹಾಕಿಕೊಂಡುಬಿಡುತ್ತದೆ. ಆಮೇಲೆ ಚಾಕುವಿನ ಮೊನೆಯೂ ಒಳಗೆ ಹೋಗದು. ನಾಯಿ ಎರಡು ಸಲ ಉರುಳಿಸಿ ನೋಡಿ, ಬೇಸರವಾಗಿ ತನ್ನ ದಾರಿ ಹಿಡಿಯುತ್ತದೆ.

ಬಟನ್ ತಲೆಯನ್ನು ಒಳಗೆಳೆದುಕೊಂಡಿತು, ಮುಂದಿನ ಮುಚ್ಚಳ ಮುಚ್ಚಿತು. ಆದರೆ ಹಿಂದಿನ ಎರಡು ಕಾಲುಗಳು, ಉಕ್ಕಿದ ಹಿಟ್ಟು ಪಾತ್ರೆಯ ಅಂಚು ದಾಟಿ ಬಂದ ಹಾಗೆ, ಹೊರಗೇ ಉಳಿದವು. ಅದು ಹೆಣಗಾಡಿ ಹಿಂಗಾಲು ಎಳೆದುಕೊಂಡರೆ ತಲೆ ಹೊರಗೆ ಬಂತು. ತಲೆ ಎಳೆದುಕೊಂಡರೆ ಮತ್ತೆ ಕಾಲು. ಅರ್ಲೀನಾ ಬೀನ್ಸ್ ಬುಟ್ಟಿಯನ್ನೇ ಎತ್ತಿ ನಾಯಿಯ ಮೇಲೆ ಎಸೆಯುವಷ್ಟರಲ್ಲಿ ಅದರ ಹಲ್ಲು ಒಂದು ತೊಡೆಗೆ ತಾಗಿ ಆಗಿತ್ತು.

ತಂಗಿ ಡೋವಿ ಎಂದಿನಂತೆ ಬೆಳಗಿನ ಕಾಫಿಗೆ ಬಂದಾಗ ಅರ್ಲೀನಾ ಅಡುಗೆಮನೆಯ ಮೇಜಿನ ಮೇಲೆ ಗಾಯ ತೊಳೆಯುತ್ತಿದ್ದಳು. ಡೋವಿಯ ಮನೆ ಒಂದು ಮೈಲಿ ಕೆಳಗೆ, ತೊರೆಯ ಪಕ್ಕದಲ್ಲಿತ್ತು.

"ಮೈಯೆಲ್ಲ ಬಾತುಕೊಂಡಿದೆ ನೋಡೇ," ಎಂದಳು ಅರ್ಲೀನಾ. "ಮೂತ್ರಪಿಂಡದ ತೊಂದರೆ ಇರ್ಬೇಕು. ನಾನು ಗಮನಿಸ್ಲೇ ಇಲ್ಲ."

ಡೋವಿ ಬಗ್ಗಿ ನೋಡಿದಳು. "ಬಾತುಕೊಂಡಿಲ್ಲ ಅಕ್ಕಾ. ನಮ್ಮ ಪಾದ್ರಿಯ ದಪ್ಪ ಕುತ್ತಿಗೆ ಕಾಲರ್ ಮೇಲೆ ಬಂದು ಕೂತ ಹಾಗಿದೆ."

ಅರ್ಲೀನಾಳಿಗೆ ನಗು ಬರಲಿಲ್ಲ.

ಮೂರು ವರ್ಷದ ಹಿಂದೆ, ಗಂಡ ಕ್ಲೇಟ್ ತೀರಿಕೊಂಡ ವರ್ಷದ ಸೆಪ್ಟೆಂಬರಿನಲ್ಲಿ, ಟೊಮೆಟೊ ಗಿಡಗಳಿಗೆ ಕೊಟ್ಟಿದ್ದ ಊರುಗೋಲು ಕೀಳುವಾಗ ಅವಳಿಗೆ ಈ ಮರಿ ಸಿಕ್ಕಿತ್ತು. ಕೋಟಿನ ಬಟನ್ನಿನಷ್ಟು ದೊಡ್ಡದು, ಮಣ್ಣಿನದೇ ಬಣ್ಣ, ಒತ್ತಿದರೆ ಬಾಗುವಷ್ಟು ಮೆದು ಚಿಪ್ಪು. ಮೊದಲ ವಾರ ಅದು ಏನನ್ನೂ ಮುಟ್ಟಲಿಲ್ಲ. ಅರ್ಲೀನಾ ಒದ್ದೆ ಪಾಚಿ ತಂದು ಹಾಸಿದಳು, ಎರೆಹುಳುವನ್ನು ಕತ್ತರಿಯಿಂದ ದಾರದ ತುಣುಕಿನಷ್ಟು ಕತ್ತರಿಸಿ ಚಿಮಟದಲ್ಲಿ ಹಿಡಿದು ಅದರ ಮುಂದೆ ಆಡಿಸಿದಳು. ಎಂಟನೆಯ ದಿನ ಅದು ಬಾಯಿ ತೆರೆದು ಕಚ್ಚಿತು. ಗಂಡ ಸತ್ತ ಮೇಲೆ ಅವಳು ಸರಿಯಾಗಿ ಕುಳಿತು ಊಟ ಮಾಡಿದ್ದು ಅಂದೇ.

ಅರ್ಲೀನಾ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಒಂದು ಮಗುವಿಗೆ ಒಂದು ಸೌಟು ಎಂಬುದು ಮೇಲಿನವರ ಲೆಕ್ಕ. ಅವಳು ಸೌಟನ್ನು ಗೋಪುರದ ಹಾಗೆ ತುಂಬಿ, ಅದು ಒಂದೇ ಸೌಟು ಎನ್ನುತ್ತಿದ್ದಳು. ಗಣಿ ಕಾರ್ಮಿಕರ ಕ್ಯಾಂಪಿನಲ್ಲಿ ಒಂಬತ್ತು ಮಕ್ಕಳ ನಡುವೆ ಬೆಳೆದವಳು ಅವಳು. ಗಣಿ ಮುಚ್ಚಿದ ಒಂದು ಚಳಿಗಾಲದಲ್ಲಿ ಅಮ್ಮ ಬರೀ ನೀರನ್ನು ಒಲೆಯ ಮೇಲೆ ಕುದಿಯಲಿಟ್ಟು, ಏನೋ ಬೇಯುತ್ತಿದೆ ಎಂದು ಮಕ್ಕಳನ್ನು ಮಲಗಿಸಿದ್ದು ಅವಳ ತಲೆಯಿಂದ ಹೋಗಿರಲಿಲ್ಲ. ಎದುರಿಗಿದ್ದವರು ತಟ್ಟೆಯನ್ನು ದೂರ ಸರಿಸಿದರೆ ಅವಳಿಗೆ ತನ್ನನ್ನೇ ಬೇಡವೆಂದಂತೆ ಅನ್ನಿಸುತ್ತಿತ್ತು. ಬಟನ್ ಎಂದೂ ತಟ್ಟೆ ಸರಿಸಲಿಲ್ಲ. ಹಂದಿಮಾಂಸದ ಚೂರು, ಜೋಳದ ಬ್ರೆಡ್ಡು, ಹಾಲಿನ ಕೆನೆ, ಸ್ಟ್ರಾಬೆರಿ, ಡೋವಿಯ ಬೆಕ್ಕಿಗೆ ತಂದ ಡಬ್ಬಿಯ ಮೀನು, ಎಲ್ಲವೂ ಆಗುತ್ತಿತ್ತು. ಚಳಿಗಾಲದಲ್ಲಿ ಕಾಡಿನ ಆಮೆಗಳೆಲ್ಲ ಮಣ್ಣಿನೊಳಗೆ ಮಲಗಿದ್ದರೆ ಬಟನ್ ಒಲೆಯ ಪಕ್ಕದ ಪೆಟ್ಟಿಗೆಯಲ್ಲಿ ಎಚ್ಚರವಾಗಿದ್ದು ತಿನ್ನುತ್ತಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಅವಳು ಅದನ್ನು ಉಗ್ರಾಣದ ಬಾಗಿಲಿಗೆ ಒತ್ತಿ ಹಿಡಿದು ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಮೊದಲನೆಯದು ನಾಣ್ಯದಷ್ಟಿತ್ತು, ಈಗಿನದು ಚಹಾ ಕಪ್ಪಿನ ತಟ್ಟೆಯಷ್ಟು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದಳು.

ನಾಯಿ ಕಚ್ಚಿದ ದಿನವೇ ಅರ್ಲೀನಾ ಬಟನ್‌ನನ್ನು ಒಯ್ದು ತೋರಿಸಿದ ಪಶುವೈದ್ಯ ಹ್ಯಾಸ್ಕೆಲ್ ಮುಖ್ಯವಾಗಿ ಹಸು ನೋಡುವ ಡಾಕ್ಟರು. ಅವರು ಬಟನ್‌ನ ಬೆನ್ನಿನ ಗೆರೆಗಳ ಮೇಲೆ ಬೆರಳಾಡಿಸಿದರು. ಆಮೆ ಬೆಳೆದಂತೆ ಚಿಪ್ಪಿನ ಪ್ರತಿ ತುಂಡಿನ ಸುತ್ತ ಉಂಗುರದ ಹಾಗೆ ಗೆರೆ ಕೂಡುತ್ತದೆ.

"ಕಾಡಿನ ಆಮೇದಾದ್ರೆ ಈ ಗೆರೆಗಳು ದಾರದ ಹಾಗೆ ಒತ್ತೊತ್ತಾಗಿರ್ತವೆ," ಎಂದರು. "ಇದರದು ನೋಡಿ, ಕಿರುಬೆರಳು ಇಡಬಹುದು. ಏಳೆಂಟು ವರ್ಷದ ಬೆಳವಣಿಗೆ ಮೂರೇ ವರ್ಷಕ್ಕೆ ಆಗಿದೆ. ಕಾಯಿಲೆ ಏನೂ ಇಲ್ಲ, ಮಿಸ್ ಅರ್ಲೀನಾ. ಬರೀ ಕೊಬ್ಬು." ಶಾಲೆಯ ದಿನಗಳಿಂದಲೂ ಅವಳು ಅವರಿಗೆ ಮಿಸ್ ಅರ್ಲೀನಾ.

"ಅದು ಕೇಳತ್ತೆ ಡಾಕ್ಟ್ರೇ. ಕಾಲ ಹತ್ರ ಬಂದು ಕೇಳತ್ತೆ."

"ನಾನೂ ಕೇಳ್ತಿದ್ದೆ. ನಾಲ್ಕನೇ ಕ್ಲಾಸಲ್ಲಿ ನೀವು ಬಡಿಸಿದ್ದನ್ನ ಇವತ್ತಿಗೂ ಇಲ್ಲಿ ಹೊತ್ಕೊಂಡು ಓಡಾಡ್ತಿದೀನಿ," ಎಂದು ತಮ್ಮ ಬೆಲ್ಟಿನ ಮೇಲೆ ತಟ್ಟಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ಮುಚ್ಚಿಕೊಳ್ಳೋಕೆ ಬರದ ಆಮೆ ಬದುಕಲ್ಲ. ಇವತ್ತು ನಾಯಿ, ನಾಳೆ ಕಾಡಿಂದ ಬರೋ ರಕೂನ್. ಒಳಗಿನ ಯಕೃತ್ತೂ ಕೆಡತ್ತೆ. ವಾರಕ್ಕೆ ಎರಡೇ ಸಲ ಊಟ. ಸೊಪ್ಪು, ಹುಳು, ಅಣಬೆ. ಹಿತ್ತಲಲ್ಲಿ ಬೇಲಿ ಕಟ್ಟಿ ಬಿಡಿ, ನಡೆದು ಹುಡುಕಿ ತಿನ್ಲಿ. ಈ ಚಳಿಗಾಲ ಅದು ಮಣ್ಣಲ್ಲಿ ಮಲಗಲೇಬೇಕು. ಇನ್ನೊಂದು ಮಾತು. ಅಕ್ಟೋಬರ್ ಮೊದಲ ವಾರದಿಂದ ಏನೂ ಕೊಡಬೇಡಿ. ಒಂದು ಚೂರೂ ಬೇಡ. ಹೊಟ್ಟೆ ಖಾಲಿಯಾಗೋಕೆ ಮೂರು ವಾರ ಬೇಕು. ತಿಂದು ಮಲಗಿದ್ರೆ ಚಳಿಗೆ ಕರುಳು ನಿಂತುಹೋಗಿ, ತಿಂದಿದ್ದು ಒಳಗೇ ಕೊಳೆಯತ್ತೆ. ವಸಂತದಲ್ಲಿ ಅಗೆದ್ರೆ ಚಿಪ್ಪು ಮಾತ್ರ ಸಿಗತ್ತೆ."

ಅರ್ಲೀನಾ ಎಲ್ಲವನ್ನೂ ಚೀಟಿಯ ಮೇಲೆ ಬರೆಸಿಕೊಂಡು ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅದೇ ಜಾಗದಲ್ಲಿ ಹಿಂದೆ ಇನ್ನೊಂದು ಚೀಟಿ ಇತ್ತು. ಅದು ಕ್ಲೇಟ್‌ನ ಸಕ್ಕರೆ ಕಾಯಿಲೆಗೆ ಆಸ್ಪತ್ರೆಯವರು ಕೊಟ್ಟದ್ದು. ಅಂಟಿನ ಕಲೆ ಇನ್ನೂ ಹಾಗೇ ಇತ್ತು. ಅವಳು ಹೊಸ ಚೀಟಿಯನ್ನು ಕಿತ್ತು ಕಿಟಕಿಯ ಪಕ್ಕ ಅಂಟಿಸಿದಳು.

ಸೆಪ್ಟೆಂಬರ್ ಪೂರ್ತಿ ಅವಳು ಚೀಟಿಯ ಪ್ರಕಾರವೇ ನಡೆದಳು. ಬೇಲಿಯೊಳಗೆ ಎಲೆ ರಾಶಿ ಹಾಕಿದಳು, ಕೊಳೆತ ಮರದ ದಿಮ್ಮಿ ಉರುಳಿಸಿ ತಂದಳು. ಬಟನ್‌ಗೆ ದಿಮ್ಮಿಯ ಕೆಳಗಿನ ಹುಳು ಬೇಕಿರಲಿಲ್ಲ. ಅಡುಗೆಮನೆಯ ಬಾಗಿಲ ಕಡೆಯ ಮೂಲೆಯಲ್ಲಿ ನಿಂತು ಮುಂಗಾಲಿನಿಂದ ತಂತಿಯನ್ನು ಗೀಚುತ್ತಿತ್ತು. ತಟ್ಟೆಯ ಸದ್ದಾದರೆ ಗೀಚುವುದು ಹೆಚ್ಚುತ್ತಿತ್ತು. ಅರ್ಲೀನಾ ತಟ್ಟೆ ಬಿಟ್ಟು ಕಾಗದದ ಮೇಲೆ ಉಣ್ಣತೊಡಗಿದಳು.

"ನಿನ್ನ ಮೈಯೂ ಇಳೀತಾ ಇದೆ," ಎಂದಳು ಡೋವಿ ಒಂದು ದಿನ, ಅಕ್ಕನ ಕೆನ್ನೆಯನ್ನು ನೋಡಿ. "ಆಮೆ ಜೊತೆ ನೀನೂ ಮಣ್ಣಲ್ಲಿ ಮಲಗ್ತೀಯೋ ಹೇಗೆ?"

"ಅದು ನೋಡ್ತಿರುವಾಗ ಗಂಟಲಲ್ಲಿ ಇಳಿಯಲ್ಲ ಕಣೇ."

ತಿಂಗಳ ಕೊನೆಗೆ ಅವಳು ಬಟನ್‌ನ ಮೂಗನ್ನು ಮೆಲ್ಲಗೆ ಮುಟ್ಟಿದಳು. ಮುಂದಿನ ಮುಚ್ಚಳ ಮುಚ್ಚಿತು. ಹಿಂದೆ ಕಾಲುಗಳು ಒಳಗೆ ಹೋದವು, ಒಂದು ಬೆರಳಿನಷ್ಟು ಸಂದಿ ಉಳಿಯಿತು. ಮೊದಲು ಮೂರು ಬೆರಳಿನಷ್ಟಿತ್ತು. ಅವಳು ಅಂದು ಡಾಕ್ಟರಿಗೆ ಫೋನು ಮಾಡಿ ಹೇಳಿದಳು. ಅಕ್ಟೋಬರ್ ಒಂದರಿಂದ ನೀರು ಬಿಟ್ಟು ಬೇರೇನೂ ಇಡಲಿಲ್ಲ.

ಮೂರನೆಯ ಭಾನುವಾರ ಚರ್ಚಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಮಾಗಮ. ಊರು ಬಿಟ್ಟು ಹೋದವರೆಲ್ಲ ಬರುತ್ತಾರೆ, ಪ್ರಾರ್ಥನೆಯ ನಂತರ ಮರದ ಕೆಳಗೆ ಹಲಗೆ ಹಾಸಿ ಊಟ. ಅರ್ಲೀನಾ ಮಾಡಿದ್ದ ಕೋಳಿ ಮತ್ತು ಬೇಯಿಸಿದ ಸೇಬು ಬಹುಪಾಲು ಖಾಲಿಯಾಗಿ, ಉಳಿದ ಚೂರುಪಾರನ್ನೂ ಇತರರು ತಮ್ಮ ತಮ್ಮ ತಟ್ಟೆಗಳಿಂದ ತುಂಬಿಸಿ ಕೊಟ್ಟದ್ದನ್ನೂ ಹೊತ್ತು ಮನೆಗೆ ಬಂದಳು. ದಿನ ಬೇಸಿಗೆಯ ಹಾಗೆ ಬೆಚ್ಚಗಿತ್ತು. ಬಟನ್ ತಂತಿಯ ಪಕ್ಕದಲ್ಲೇ ಇತ್ತು. ಗೀಚುತ್ತಿರಲಿಲ್ಲ, ಸುಮ್ಮನೆ ಕತ್ತು ಎತ್ತಿ ನೋಡುತ್ತಿತ್ತು. ಎಲ್ಲರೂ ಉಂಡ ದಿನ ಇದೊಂದು ಮಾತ್ರ ಉಂಡಿಲ್ಲ ಎಂದುಕೊಂಡಳು. ಬಾಗಿ, ಬೇಯಿಸಿದ ಸೇಬಿನ ಒಂದು ಹೋಳು ಮತ್ತು ಕೋಳಿಯ ಯಕೃತ್ತಿನ ಒಂದು ತುಂಡನ್ನು ಬೆರಳ ತುದಿಯಲ್ಲಿ ಚಾಚಿದಳು. ಅದು ತಿಂದಿತು. ಇನ್ನೊಂದು ಕೊಟ್ಟಳು. ಬೆಚ್ಚಗಿನ ದಿನ ಇನ್ನೂ ಎರಡು ವಾರ ಇರುತ್ತದೆ, ಕರಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಮಂಗಳವಾರ ಮಳೆ ಬಂತು, ಹಿಂದೆಯೇ ಉತ್ತರದ ಗಾಳಿ. ಬುಧವಾರ ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಮಂಜು ಗಟ್ಟಿಯಾಗಿ ಕೂತಿತ್ತು. ಬೇಲಿಯೊಳಗೆ ಬಟನ್ ಇರಲಿಲ್ಲ. ಎಲೆ ರಾಶಿಯ ಮೂಲೆಯಲ್ಲಿ ಮಣ್ಣು ಸಡಿಲವಾಗಿ ಉಬ್ಬಿತ್ತು.

ಡೋವಿ ಬಂದಾಗ ಅಕ್ಕ ಕೋಟು ಹಾಕಿಕೊಳ್ಳದೆ ಬೇಲಿಯ ಪಕ್ಕದಲ್ಲಿ ನಿಂತಿದ್ದಳು.

"ಮಣ್ಣಿಗೆ ಇಳಿಯಿತಲ್ಲ, ಒಳ್ಳೇದೇ ಆಯ್ತು," ಎಂದಳು ಡೋವಿ.

"ಭಾನುವಾರ ಕೊಟ್ಟೆ."

"ಏನು ಕೊಟ್ಟೆ?"

ಅರ್ಲೀನಾ ಹೇಳಿದಳು. ಡೋವಿ ಉಬ್ಬಿದ ಮಣ್ಣಿನ ಕಡೆ ನೋಡಿದಳು. ಆಮೇಲೆ, ಮೂರು ವರ್ಷದಿಂದ ಊರಿನಲ್ಲಿ ಯಾರೂ ಆಡದೇ ಇದ್ದದ್ದನ್ನು ಆಡಿದಳು.

"ಕ್ಲೇಟ್ ಭಾವನಿಗೂ ಹೀಗೇ ಕೊಡ್ತಿದ್ದೆ. ಒಂದೇ ತುಂಡು ಸಿಹಿ ಪೈ, ಒಂದೇ ತುಂಡು ಅಂತ. ಕಾಲ ಹೆಬ್ಬೆರಳು ಕತ್ತರಿಸಿ ತೆಗೆದ ಮೇಲೂ ಕೊಟ್ಟೆ. ಪಾದ ಹೋದ ಮೇಲೂ ಕೊಟ್ಟೆ."

"ಅವರು ಕೇಳ್ತಿದ್ರು ಡೋವಿ."

"ಕೇಳ್ತಿದ್ರು. ಕೇಳದೆ ಇನ್ನೇನು ಮಾಡ್ತಾರೆ?"

ಅರ್ಲೀನಾಳಿಗೆ ಸಿಟ್ಟು ಬರಲಿಲ್ಲ. ಕ್ಲೇಟ್ ಕುರ್ಚಿಯಲ್ಲಿ ಕೂತು, "ಲೀನಾ, ಸಣ್ಣದೊಂದು," ಎಂದು ಹೆಬ್ಬೆರಳು ತೋರುಬೆರಳ ನಡುವೆ ಅಳತೆ ತೋರಿಸುತ್ತಿದ್ದದ್ದು ಕಣ್ಣಿಗೆ ಬಂತು. ಅವನು ತಿನ್ನುವಾಗ ಅವಳಿಗೆ ಆಗುತ್ತಿದ್ದ ಸಮಾಧಾನವೂ ನೆನಪಾಯಿತು. ಅದೇ ಸಮಾಧಾನ ಭಾನುವಾರ ಈ ಬೇಲಿಯ ಪಕ್ಕದಲ್ಲಿ ಆಗಿತ್ತು. ಸಮಾಧಾನ ಯಾರದ್ದು ಎಂದು ಅವಳು ಇದುವರೆಗೆ ಕೇಳಿಕೊಂಡಿರಲಿಲ್ಲ.

ಫೋನಿನಲ್ಲಿ ಡಾಕ್ಟರ್ ಹ್ಯಾಸ್ಕೆಲ್ ಬಯ್ಯಲಿಲ್ಲ. "ನೆಲ ಗಟ್ಟಿಯಾಗೋ ಮೊದಲೇ ತೆಗೀರಿ," ಎಂದರು. "ಗುದ್ದಲಿ ಬೇಡ, ಕೈಯಲ್ಲೇ. ಬೆಚ್ಚಗಿನ ಕೋಣೇಲಿಡಿ, ದಿನಾ ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ. ಹೊಟ್ಟೆ ಖಾಲಿಯಾಗಬೇಕು. ಆಮೇಲೆ ಮತ್ತೆ ಮೂರು ವಾರ ಉಪವಾಸ. ನಿಧಾನಕ್ಕೆ ತಂಪು ಮಾಡ್ತಾ ಹೋಗಿ, ನೆಲಮಾಳಿಗೇಲಿ ಮಣ್ಣಿನ ಪೆಟ್ಟಿಗೆಯೊಳಗೆ ಮಲಗಿಸೋಣ. ಇನ್ನೊಂದು ಸಲ ತಿಂದ್ರೆ ನನ್ನ ಹತ್ರ ಉಪಾಯ ಇಲ್ಲ, ಮಿಸ್ ಅರ್ಲೀನಾ."

ಅವಳು ಮೊಣಕಾಲೂರಿ ಅಗೆದಳು. ಒಂದು ಗೇಣು ಕೆಳಗೆ ಚಿಪ್ಪು ಬೆರಳಿಗೆ ತಾಗಿತು, ಕಲ್ಲಿನಷ್ಟು ತಣ್ಣಗಿತ್ತು. ಬಟನ್ ಕಣ್ಣು ಬಿಡಲಿಲ್ಲ. ಪಾತ್ರೆ ತೊಳೆಯುವ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ತಲೆ ಮುಳುಗದಂತೆ ಅಂಗೈಯಲ್ಲಿ ಹಿಡಿದು ಕೂತಳು. ಮಧ್ಯಾಹ್ನದ ಹೊತ್ತಿಗೆ ಒಂದು ಕಾಲು ನೀರಿನಲ್ಲಿ ಆಡಿತು. ನಾಲ್ಕನೆಯ ದಿನ ನೀರು ಕಲಕಿತು, ಸೇಬಿನ ಸಿಪ್ಪೆಯ ಚೂರುಗಳು ತೇಲಿದವು. ಇಬ್ಬರೂ ಅಕ್ಕತಂಗಿಯರು ಆ ಹೊಲಸನ್ನು ಬಹಳ ಹೊತ್ತು ನೋಡಿದರು.

ಬೆಚ್ಚಗಿನ ಅಡುಗೆಮನೆಯಲ್ಲಿ ಬಟನ್ ಚುರುಕಾಯಿತು. ಮತ್ತೆ ಅವಳ ಚಪ್ಪಲಿಯ ಹಿಂದೆ ಹಿಂದೆ ಬರತೊಡಗಿತು. ಅರ್ಲೀನಾ ಎರಡು ದಿನ ತಡೆದಳು. ಮೂರನೆಯ ದಿನ ಬೆಳಗ್ಗೆ ಬ್ರೆಡ್ಡು ಮುರಿಯುವಾಗ, ಕೆಳಗೆ ನೋಡದೆಯೇ ತನ್ನ ಎಡಗೈ ಒಂದು ಚೂರು ಹಿಡಿದು ಕೆಳಕ್ಕೆ ಇಳಿಯುತ್ತಿದ್ದದ್ದು ಗೊತ್ತಾಯಿತು. ಕೈಯನ್ನು ಮೇಲೆತ್ತಿ ಮೇಜಿನ ಮೇಲಿಟ್ಟು, ಅದು ಬೇರೆ ಯಾರದ್ದೋ ಎಂಬಂತೆ ನೋಡಿದಳು. ಆಮೇಲೆ ಡೋವಿಗೆ ಫೋನು ಮಾಡಿದಳು.

"ನೀನೇ ತಗೊಂಡು ಹೋಗು," ಎಂದಳು. "ನಿನ್ನ ನೆಲಮಾಳಿಗೆ ನಮ್ಮದಕ್ಕಿಂತ ತಂಪು."

"ನಂಗೆ ಆಮೆ ಅಂದ್ರೆ ಆಗಲ್ಲ, ನಿಂಗೊತ್ತು."

"ಅದಕ್ಕೇ ಹೇಳ್ತಿರೋದು."

ಡೋವಿ ಕಾರು ತಂದಳು. ಆಲೂಗಡ್ಡೆಯ ಪೆಟ್ಟಿಗೆಗೆ ಎಲೆ ತುಂಬಿಸಿ, ಬಟನ್‌ನನ್ನು ಅದರೊಳಗಿಟ್ಟು, ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ವಸಂತದವರೆಗೆ ನೋಡಲು ಬರುವುದಿಲ್ಲ ಎಂದು ಅರ್ಲೀನಾ ತಾನಾಗಿ ಹೇಳಿದಳು. ಬಂದರೂ ಬಾಗಿಲು ತೆಗೆಯುವುದಿಲ್ಲ ಎಂದಳು ಡೋವಿ. ಕಾರು ಹೊರಡುವ ಮುಂಚೆ ಅರ್ಲೀನಾ ಒಳಗೆ ಹೋಗಿ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ತಂದು ಕಿಟಕಿಯೊಳಗೆ ಕೊಟ್ಟಳು.

"ಇದು ಯಾರಿಗೆ?"

"ನಿಂಗೆ ಕಣೇ. ಮಧ್ಯಾಹ್ನಕ್ಕೆ."

ಡೋವಿ ಗಂಟನ್ನು ತೊಡೆಯ ಮೇಲಿಟ್ಟು ಬಿಚ್ಚಿದಳು. ಎರಡು ತುಂಡು ಹಂದಿಮಾಂಸ, ಬ್ರೆಡ್ಡು, ಉಪ್ಪಿನಕಾಯಿ. ಅದರ ಪಕ್ಕದಲ್ಲಿ, ಬೇಯಿಸಿ ಸುಲಿದು, ಆಮೆಯ ಬಾಯಿಗೆ ಸರಿಹೋಗುವಂತೆ ಅಕ್ಕಿಯ ಕಾಳಿನಷ್ಟು ಸಣ್ಣಗೆ ಕತ್ತರಿಸಿದ ಮೊಟ್ಟೆ, ಒಂದು ಚಿಕ್ಕ ಬಟ್ಟಲಿನಲ್ಲಿ. ಡೋವಿ ತಲೆ ಎತ್ತಿ ಅಕ್ಕನನ್ನು ನೋಡಿದಳು. ಅರ್ಲೀನಾಳ ಮುಖದಲ್ಲಿ ಕದ್ದು ಮಾಡಿದ ಛಾಯೆ ಇರಲಿಲ್ಲ. ಅದನ್ನು ಯಾವಾಗ ಕತ್ತರಿಸಿದೆ, ಯಾವಾಗ ಕಟ್ಟಿದೆ ಎಂಬುದು ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ.

ಡೋವಿ ಬಟ್ಟಲನ್ನು ಕಿಟಕಿಯಿಂದ ಹೊರಗೆ ಚಾಚಿದಳು. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಾರು ಗುಡ್ಡ ಇಳಿದು ಹೋದ ಮೇಲೂ ಅರ್ಲೀನಾ ಅಲ್ಲೇ ನಿಂತಿದ್ದಳು. ಅಂಗೈಗೆ ಬಟ್ಟಲು ಬೆಚ್ಚಗೆ ತಾಗುತ್ತಿತ್ತು.