ರಕ್ಕಸನಿಗೆ ಕೊಂಬು ಅಂಟಿಸುವ ನಮ್ಮಕ್ಕ

ದಿನಾ ಸಂಜೆ ಏಳೂವರೆಗೆ ನಮ್ಮಮ್ಮ ಒಬ್ಬ ರಕ್ಕಸನಿಗಾಗಿ ಅಳುತ್ತಾಳೆ. ಮಾಟಗಾತಿಯರ ಕುಲದ ಹುಡುಗಿಯನ್ನು ಪ್ರೀತಿಸಿದ ತಪ್ಪಿಗೆ ಅವನನ್ನು ಮೂರು ವರ್ಷಗಳಿಂದ ಧಾರಾವಾಹಿಯಲ್ಲಿ ಗೋಳುಹೊಯ್ದುಕೊಳ್ಳುತ್ತಿದ್ದಾರೆ. ಅವನ ಕಡೆಯವರು ಅವನನ್ನು ಪಾಳುಬಾವಿಗೆ ತಳ್ಳಿದರು, ಅವಳ ಕಡೆಯವರು ಅವಳ ಮಂತ್ರಶಕ್ತಿಯನ್ನೇ ಕಿತ್ತುಕೊಂಡರು. "ಪ್ರೀತಿಸಿದೋರನ್ನ ಹೀಗೆ ಅಗಲಿಸ್ತಾರಲ್ಲ, ಇವರ ಎದೇಲಿರೋದು ಕಲ್ಲಾ?" ಎಂದು ಅಮ್ಮ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾಳೆ. ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತದೆ.

ಯಾಕೆಂದರೆ ಆ ರಕ್ಕಸನ ಕೊಂಬು ಮಾಡುವವಳು ನನ್ನ ಅಕ್ಕ, ಅಮ್ಮನ ಹಿರಿಮಗಳು. ಎಂಟು ವರ್ಷದ ಹಿಂದೆ ಅವಳು ಶೂಟಿಂಗ್ ಸೆಟ್ಟಿಗೆ ಬಣ್ಣ ಹೊಡೆಯುವವನನ್ನು ಮದುವೆಯಾದಳು. ಭಾವ ಕುಡಿಯುವವನಲ್ಲ, ಹೊಡೆಯುವವನಲ್ಲ, ಒಂದು ಮಾತು ಗಟ್ಟಿಯಾಗಿ ಆಡುವವನೂ ಅಲ್ಲ. "ನಮ್ಮೋರಲ್ಲ" ಎಂಬುದೊಂದೇ ಅವನ ಅಪರಾಧ. ಮದುವೆಯಾದ ವಾರಕ್ಕೆ ಇಬ್ಬರೂ ಮನೆಗೆ ಬಂದರು. ಅಮ್ಮ ಬಾಗಿಲ ಚಿಲಕ ತೆಗೆಯದೆ ಒಳಗಿನಿಂದಲೇ ನನಗೆ ಹೇಳಿದಳು: "ಯಾರೋ ತಪ್ಪು ವಿಳಾಸಕ್ಕೆ ಬಂದಿದಾರೆ, ಹೋಗೋಕೆ ಹೇಳು." ನನಗಾಗ ಹದಿನೇಳು. ಕಿಟಕಿಗೆ ಹೋಗಿ ಹೇಳಿದೆ. ಆ ಸಿಟ್ಟು ನನಗೆ ನನ್ನ ಮೇಲೂ ಇದೆ.

ಸೆಟ್ಟಿನಲ್ಲಿ ಎಲ್ಲರೂ ಅವಳನ್ನು ಕೊಂಬಕ್ಕ ಎನ್ನುತ್ತಾರೆ. ಅಚ್ಚಿನಲ್ಲಿ ರಬ್ಬರ್ ಸುರಿದು, ಒಣಗಿದ ಮೇಲೆ ಅರದಿಂದ ಉಜ್ಜಿ, ಸಣ್ಣ ಕುಂಚದಿಂದ ಒಂದೊಂದೇ ಗೆರೆ ಎಳೆದು ಬಣ್ಣ ಹಚ್ಚುತ್ತಾಳೆ. ಬೆಳಿಗ್ಗೆ ಆರಕ್ಕೆ ರಕ್ಕಸನ ಪಾತ್ರದವನನ್ನು ಕುರ್ಚಿಯಲ್ಲಿ ಕೂರಿಸಿದರೆ ಎಂಟರವರೆಗೆ ಅವನು ಅಲುಗಾಡುವಂತಿಲ್ಲ. "ನಿನಗೇನು ಕೊಂಬು ಬಂದಿದ್ಯಾ ಅಂತ ಮನೇಲಿ ಹೆಂಡ್ತಿ ಬೈತಾಳೆ ಕೊಂಬಕ್ಕ, ಏನು ಹೇಳ್ಲಿ?" ಎಂದು ಅವನು ಗೋಗರೆಯುತ್ತಾನೆ. ಅಂಟು ಮುಟ್ಟಿ ಮುಟ್ಟಿ ಅಕ್ಕನ ಬೆರಳ ತುದಿ ಎಷ್ಟು ನುಣುಪಾಗಿದೆಯೆಂದರೆ, ಅವಳ ಫೋನಿಗೇ ಅವಳ ಹೆಬ್ಬೆರಳ ಗುರುತು ಸಿಗುವುದಿಲ್ಲ. ಇಷ್ಟು ವರ್ಷದಲ್ಲಿ ಅವಳು ಅಮ್ಮನ ಬಗ್ಗೆ ಒಂದೇ ಒಂದು ಆಸೆ ಹೇಳಿಕೊಂಡಿದ್ದಾಳೆ. "ಬೈದ್ರೂ ಪರವಾಗಿಲ್ಲ ಕಣೇ, ನನ್ನ ಮುಖ ನೋಡಿ ಒಂದು ಮಾತಾಡ್ಲಿ ಸಾಕು."

ಈ ಸಲ ಚಾನೆಲ್‌ನವರು ವೀಕ್ಷಕರನ್ನೇ ಕೇಳಿದರು: ಮಾಟಗಾತಿಗೂ ರಕ್ಕಸನಿಗೂ ಮದುವೆಯಾಗಬೇಕೋ ಬೇಡವೋ? ಅಮ್ಮ ಬೀದಿಯ ಮನೆಮನೆಗೆ ಹೋಗಿ, ಸಿಕ್ಕವರ ಫೋನೆಲ್ಲ ಇಸಿದುಕೊಂಡು ಮದುವೆಗೆ ವೋಟು ಒತ್ತಿಸಿದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳಿಲ್ಲ. ಮದುವೆ ಗೆದ್ದಿತು. ಶೂಟಿಂಗ್ ನೋಡಲು ಇಪ್ಪತ್ತು ವೀಕ್ಷಕರನ್ನು ಕರೆದರು, ಅದರಲ್ಲಿ ಅಮ್ಮನೂ ಒಬ್ಬಳು. ಕೊಂಬು ಯಾರದ್ದೆಂದು ನಾನು ಅವಳಿಗೆ ಹೇಳಲಿಲ್ಲ. ಬೇಕೆಂದೇ ಕರೆದುಕೊಂಡು ಹೋದೆ. ಎದುರಿಗೆ ನಿಂತರೆ ಹೆತ್ತ ಹೊಟ್ಟೆ ಕರಗದೇ ಇರುತ್ತದೆಯೇ ಎಂದುಕೊಂಡಿದ್ದೆ, ಪೆದ್ದಿ ನಾನು.

ನಾವು ಒಳಗೆ ಹೋದಾಗ ಅಕ್ಕ ರಕ್ಕಸನ ಎಡಗೊಂಬನ್ನು ಹೊಸದಾಗಿ ಅಂಟಿಸಿ ಅಂಚಿಗೆ ಕೊನೆಯ ಸುತ್ತು ಅಂಟು ಬಳಿಯುತ್ತಿದ್ದಳು. ಜಿಗುಟು ಹೋಗಲು ಅದರ ಮೇಲೆ ಪೌಡರ್ ಉದುರಿಸಿದರೆ ಕೆಲಸ ಮುಗಿಯಿತು. ತಲೆ ಎತ್ತಿದಳು, ಅಮ್ಮನನ್ನು ನೋಡಿದಳು. ಕೈ ಅಲ್ಲೇ ನಿಂತಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ಪೌಡರ್ ಮರೆತಳು.

ಅಮ್ಮನೂ ಅವಳನ್ನು ನೋಡಿದಳು. ನೋಡಿ, ಖಾಲಿ ಗೋಡೆಯಿಂದ ಕಣ್ಣು ಸರಿಸಿದ ಹಾಗೆ ಸರಿಸಿ, ನೇರ ರಕ್ಕಸನ ಹತ್ತಿರ ಹೋದಳು. "ನನ್ನಪ್ಪಾ, ಎಷ್ಟು ನೊಂದ್ಯೋ! ಇನ್ನಾದ್ರೂ ನಿನ್ನ ಹುಡುಗಿ ಜೊತೆ ಚೆನ್ನಾಗಿರು" ಎಂದು ಅವನ ಹಣೆಯ ಮೇಲೆ, ಕೊಂಬಿನ ಬುಡಕ್ಕೇ ಅಂಗೈ ಒತ್ತಿ ಕಣ್ಣುಮುಚ್ಚಿ ಅತ್ತಳು. ಕೈ ಎತ್ತಲು ಹೋದರೆ ಬರಲಿಲ್ಲ.

ಅಕ್ಕ ಎಣ್ಣೆಯ ಸೀಸೆ ಹಿಡಿದು ಓಡಿಬಂದಳು. ಮೊದಲು ರಕ್ಕಸನ ಹಣೆ ಬಿಡಿಸಿದಳು. ಕೊಂಬು ಅಮ್ಮನ ಅಂಗೈಯಲ್ಲೇ ಉಳಿಯಿತು. ಅಮ್ಮನನ್ನು ಮೇಕಪ್ ಕುರ್ಚಿಯಲ್ಲಿ ಕೂರಿಸಿ, ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುಂಚದಿಂದ ಎಣ್ಣೆ ಬಿಡತೊಡಗಿದಳು. ಎಂಟು ವರ್ಷದ ನಂತರ ಆ ಕೈ ಅವಳ ಕೈಗೆ ಸಿಕ್ಕಿತ್ತು.

"ಉರೀತಿದ್ಯಾ ಅಮ್ಮ?" ಎಂದಳು.

ಅಮ್ಮ ನನ್ನತ್ತ ತಿರುಗಿದಳು. "ಇಲ್ಲ ಅಂತ ಹೇಳೇ."

"ಇಲ್ವಂತೆ" ಎಂದೆ ನಾನು, ಅಭ್ಯಾಸಬಲ.

ಸ್ವಲ್ಪ ಬಿಡಿಸಿ ಅಕ್ಕ ಮತ್ತೆ ಕೇಳಿದಳು. "ಈಗ?"

"ಬೇಗ ಮುಗಿಸೋಕೆ ಹೇಳು ಆಯಮ್ಮಂಗೆ."

ಆಯಮ್ಮ! ನನ್ನ ತಲೆಗೆ ರಕ್ತ ಏರಿತು. "ನಾನು ಹೇಳಲ್ಲ!" ಎಂದು ಕಿರುಚಿದೆ. "ಎಂಟು ವರ್ಷದಿಂದ ನಿನ್ನ ವಿಷ ಹೊತ್ತು ಹೊತ್ತು ಸಾಕಾಗಿದೆ. ನಿನಗೆ ಬಾಯಿದೆ, ಅವಳಿಗೆ ಕಿವಿ ಇದೆ. ರಕ್ಕಸನಿಗೆ ನನ್ನಪ್ಪಾ ಅಂದ್ಯಲ್ಲ, ಹೊಟ್ಟೇಲಿ ಹುಟ್ಟಿದವಳಿಗೆ ಒಂದು ಮಾತು ಬರಲ್ವಾ?"

ಸೆಟ್ಟಿನ ಸುತ್ತಿಗೆ ಸದ್ದು ನಿಂತಿತು. ಏಣಿಯ ಮೇಲೆ ಪರದೆಗೆ ಕಾಡು ಬರೆಯುತ್ತಿದ್ದ ಭಾವ ಕೆಳಗಿಳಿದು, ಹತ್ತಿರ ಬರುವ ಧೈರ್ಯವಿಲ್ಲದೆ ದೂರದಲ್ಲೇ ನಿಂತ.

ಅಕ್ಕ ಕುಂಚ ಕೆಳಗಿಟ್ಟಳು. "ಅಮ್ಮ, ಉರಿ ಇದ್ರೆ ಚರ್ಮ ಕೀಳ್ತಿದೆ ಅಂತ ಅರ್ಥ. ನೀನು ಹೇಳದೆ ಮುಂದೆ ಹೋಗೋಕಾಗಲ್ಲ, ಇದು ನಮ್ಮ ಕೆಲಸದ ನಿಯಮ. ಹೂಂ ಅನ್ನು, ಊಹೂಂ ಅನ್ನು. ನನಗೆ ಅಷ್ಟು ಸಾಕು."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಅಷ್ಟು ಸಾಕಾಗಿತ್ತು ಅವಳಿಗೆ, ಒಂದು ಹೂಂ.

ಅಮ್ಮ ಅವಳ ಮುಖವನ್ನೇ ನೋಡಿದಳು. ತುಟಿ ಅಲುಗಿತು. ಮರುಕ್ಷಣ ಅಮ್ಮ ಎಡಗೈಯಿಂದ ಕೊಂಬು ಹಿಡಿದು ಒಂದೇ ಏಟಿಗೆ ಕಿತ್ತಳು. ಅಂಗೈಯ ಚರ್ಮ ರೂಪಾಯಿಯಗಲ ಕಿತ್ತುಬಂತು. ಒಂದು 'ಅಯ್ಯೋ' ಕೂಡ ಹೊರಡಲಿಲ್ಲ. ಕೊಂಬನ್ನು ಮೇಜಿನ ಮೇಲಿಟ್ಟು, ರಕ್ತದ ಕೈಗೆ ಸೆರಗು ಸುತ್ತಿಕೊಂಡು, ವೀಕ್ಷಕರ ಸಾಲಿಗೆ ಹೋಗಿ ಕೂತಳು.

ನಿರ್ದೇಶಕರು ಗಡಿಯಾರ ನೋಡುತ್ತಿದ್ದರು. ಅಕ್ಕ ಅಮ್ಮನ ರಕ್ತ ಒರೆಸಿ, ಕೊಂಬಿನ ಅಂಚು ಸರಿಮಾಡಿ, ಮತ್ತೆ ರಕ್ಕಸನಿಗೆ ಅಂಟಿಸಿದಳು. ಈ ಸಲ ಪೌಡರ್ ಮರೆಯಲಿಲ್ಲ. ಅಮ್ಮನ ಪಕ್ಕದ ಕುರ್ಚಿ ನನಗೆಂದು ಖಾಲಿ ಇತ್ತು. ನಾನು ಹೋಗಲಿಲ್ಲ, ಅಕ್ಕನ ಭುಜ ಹಿಡಿದುಕೊಂಡು ನಿಂತೆ.

ಮದುವೆಯ ದೃಶ್ಯ ಮುಗಿಯಿತು. ಮಾಟಗಾತಿ ರಕ್ಕಸನ ಕೈ ಹಿಡಿದಳು. ಇಪ್ಪತ್ತು ಜನ ವೀಕ್ಷಕರಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಮ್ಮಮ್ಮ, ಆ ಸುಲಿದ ಅಂಗೈಯಲ್ಲೇ.