ದಳವಾಯಿ ಮನೆತನದ ಕಲ್ಲು

ಬನವಾಸಿಯ ಹತ್ತಿರ ದೊಡ್ಡಪ್ಪ ಕಟ್ಟಿಸುತ್ತಿದ್ದ ಹೊಸ ಮನೆಯ ಕೆಲಸವೆಲ್ಲ ಮುಗಿದು ಒಂದು ಕಲ್ಲು ಮಾತ್ರ ಬಾಕಿ ಉಳಿದಿತ್ತು. ಬಾಗಿಲ ಪಕ್ಕದ ಗೋಡೆಗೆ ಕೂರಿಸುವ ಕರಿಕಲ್ಲು. ಮನೆಯ ಹೆಸರಿನ ಕೆಳಗೆ ‘ಸೋದೆ ಅರಸರ ದಳವಾಯಿ ಮನೆತನ’ ಎಂದು ಕೆತ್ತಿಸಬೇಕೆಂಬುದು ದೊಡ್ಡಪ್ಪನ ಆಸೆ. ಶಿರಸಿಯ ಕಲ್ಲಿನ ಅಂಗಡಿಯವನು ದಿನವೂ ಫೋನು ಮಾಡಿ ಏನು ಕೆತ್ತಲಿ ಎಂದು ಕೇಳುತ್ತಿದ್ದ. ತಡೆ ಹಿಡಿದವಳು ದೊಡ್ಡವ್ವ.

“ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತತಿ. ಕಲ್ಲಿನ ಮ್ಯಾಲಿಂದು ಎಲ್ಲಿ ಹೋಗ್ತತಿ? ನಾಳೆ ಬೀಗರು ಬಂದು ಯಾವ ದಳವಾಯಿ, ಏನ್ ಹೆಸರು ಅಂದ್ರ ಏನಂತೀರಿ?”

ಮಗಳನ್ನು ಕೊಟ್ಟ ಹಾನಗಲ್ ಕಡೆಯ ಆ ಬೀಗರಿಗೆ ಮದುವೆಯ ಮಾತುಕತೆಯ ದಿನವೇ ದೊಡ್ಡಪ್ಪ ದಳವಾಯಿಯ ವಿಷಯ ಹೇಳಿಬಿಟ್ಟಿದ್ದರು. ಗೃಹಪ್ರವೇಶಕ್ಕೆ ಅವರು ಬರುವವರು. ಕಲ್ಲಿನ ಮೇಲೆ ಏನೂ ಇಲ್ಲದಿದ್ದರೆ ಅಂದಿನ ಮಾತು ಹಗುರಾಗುತ್ತದೆ. ಕೆತ್ತಿಸಿದ ಮೇಲೆ ಸುಳ್ಳೆಂದು ಗೊತ್ತಾದರೆ ಇನ್ನೂ ಕೆಡುಕು.

“ಓದಿದಾಕಿ ಅದಾಳಲ್ಲ, ಹುಡುಕಲಿ,” ಎಂದು ದೊಡ್ಡವ್ವ ನನ್ನ ಕಡೆ ಕೈ ತೋರಿಸಿದಳು.

ನಾನು ಖುಷಿಯಿಂದಲೇ ಒಪ್ಪಿದೆ. ದಳವಾಯಿಯನ್ನು ನಾನೂ ನಂಬಿದ್ದೆ. ಹಳೇ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಅವನ ಕತ್ತಿಯನ್ನು ಚಿಕ್ಕಂದಿನಲ್ಲಿ ನೋಡಿದ ನೆನಪು ನನಗೆ ಸ್ಪಷ್ಟವಾಗಿತ್ತು. ಅದನ್ನು ಹೇಳಿದಾಗ ದೊಡ್ಡವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ಅದು ಪಾತಾಳಗರಡಿ, ತಂಗಿ. ಬಾವ್ಯಾಗ ಬಿದ್ದ ಕೊಡ ಎತ್ತೂದು. ಅದರ ಕೊಕ್ಕಿ ತಾಗಬಾರದಂತ ನಾನ ಸುತ್ತಿಟ್ಟಿದ್ದೆ.” ನನ್ನ ನೆನಪಿನ ಕತ್ತಿಗೆ ಹಿತ್ತಾಳೆಯ ಹಿಡಿಯೂ ಇತ್ತು. ಅದು ಎಲ್ಲಿಂದ ಬಂತೋ. ಅಂದಿನಿಂದ ಕೇಳಿದ್ದನ್ನೆಲ್ಲ, ಯಾರು ಹೇಳಿದ್ದೆಂಬುದರ ಸಮೇತ, ಡೈರಿಯಲ್ಲಿ ಬರೆದಿಡತೊಡಗಿದೆ.

ಮೊದಲು ನೆಂಟರನ್ನು ಕೇಳಿದೆ. ಸಿದ್ದಾಪುರದ ಅತ್ತೆಯ ಪ್ರಕಾರ ದಳವಾಯಿಗೆ ಬಿಳಿ ಕುದುರೆ ಇತ್ತು. ಯಲ್ಲಾಪುರದ ಚಿಕ್ಕಪ್ಪ, ಕುದುರೆಯಲ್ಲ, ಆನೆ ಎಂದರು. ಇದನ್ನು ನಿಮಗೆ ಹೇಳಿದವರು ಯಾರು ಎಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ: ನಿನ್ನ ದೊಡ್ಡಪ್ಪ. ಶಿರಸಿಯ ಕಚೇರಿಯಲ್ಲಿ ಎರಡು ದಿನ ಕೂತು ಹಳೇ ಜಮೀನಿನ ಕಾಗದ ತೆಗೆಸಿದೆ. ಮುತ್ತಜ್ಜನ ಅಪ್ಪನ ಹೆಸರು ಸಿಕ್ಕಿತು. ರೈತ, ಅಷ್ಟೇ.

“ಕಚೇರ್‍ಯಾಗ ಏನ್ ಸಿಗ್ತತಿ?” ಎಂದರು ದೊಡ್ಡಪ್ಪ. “ಹೆಳವರ ಪುಸ್ತಕದಾಗ ಐತಿ. ನಾನ ಕಿವಿಲೆ ಕೇಳೇನಿ.”

ಹೆಳವರೆಂದರೆ ನಾಲ್ಕೈದು ವರ್ಷಕ್ಕೊಮ್ಮೆ ಬಂದು ಒಕ್ಕಲು ಮನೆಗಳ ವಂಶಾವಳಿ ಓದಿ, ಈಚೆಗೆ ಹುಟ್ಟಿದವರ, ತೀರಿಕೊಂಡವರ ಹೆಸರು ಸೇರಿಸಿಕೊಂಡು ಹೋಗುವವರು. ನಮ್ಮ ಕಡೆ ಅವರ ಪುಸ್ತಕದಲ್ಲಿ ಇದೆ ಎಂದರೆ ಮುಗಿಯಿತು, ಮುಂದೆ ಯಾರೂ ಮಾತಾಡುವುದಿಲ್ಲ. ದೊಡ್ಡಪ್ಪ ಫೋನು ಮಾಡಿದರು. ಮೂರನೆಯ ದಿನ ಬೆಳಿಗ್ಗೆ ಹೆಳವ ಬೈಕಿನ ಹಿಂದೆ ಪುಸ್ತಕದ ಗಂಟು ಕಟ್ಟಿಕೊಂಡು ಬಂದ. ದೊಡ್ಡವ್ವ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ ತಂದಿಟ್ಟಳು. ಅವನು ಪುಸ್ತಕಕ್ಕೆ ಕೈ ಮುಗಿದು ಬುಡದಿಂದ ಓದಲು ಶುರುಮಾಡಿದ.

ನಮ್ಮ ಮೂಲಪುರುಷ ಘಟ್ಟದ ಕೆಳಗಿನಿಂದ ಎರಡು ಹೇರೆತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಂದವನು. ಮಳೆಗಾಲ ಹಿಡಿದು ವಾಪಸು ಹೋಗಲಾಗದೆ ಇಲ್ಲೇ ನಿಂತ. ಉಪ್ಪು ಕೊಂಡ ಮನೆಯ ಹುಡುಗಿಯನ್ನೇ ಮದುವೆಯಾದ. ಹೆಳವ ಅಲ್ಲಿ ತಡೆದು, ಪುಟದ ಬದಿಗೆ ಬರೆದದ್ದನ್ನು ಓದಿದ: “ಸೋದೆ ಅರಸರ ದಳವಾಯಿ.”

“ಕೇಳಿದ್ಯಾ?” ದೊಡ್ಡಪ್ಪ ಗೆದ್ದವರಂತೆ ಹೆಂಡತಿಯನ್ನು ನೋಡಿದರು. ಕೈ ಆಗಲೇ ಫೋನಿನ ಮೇಲೆ ಹೋಗಿತ್ತು.

ನಾನು ಬಗ್ಗಿ ನೋಡಿದೆ. ಉಪ್ಪಿನ ಸಂಗತಿ ಮಾಸಿದ ಕಪ್ಪು ಶಾಯಿಯಲ್ಲಿತ್ತು. ದಳವಾಯಿ ಮಾತ್ರ ನೀಲಿ ಬಾಲ್‌ಪೆನ್ನಿನಲ್ಲಿ.

“ಇದು ನಮ್ಮಪ್ಪನ ಅಕ್ಷರ ರೀ, ಅಕ್ಕಾರ,” ಎಂದ ಹೆಳವ. “ಹಳೇದಕ್ಕ ಏನರ ಸೇರಿಸಿದ್ರ, ಹೇಳಿದವರ ಹೆಸರು ಬರಿಯೂದು ನಮ್ಮ ಪದ್ಧತಿ. ಓದೂ ಮುಂದ ಅದನ್ನ ಬಿಟ್ಟ ಓದ್ತೀವಿ. ಯಾರೂ ಕೇಳೂದಿಲ್ಲಲ್ಲ.”

“ನಾನು ಕೇಳ್ತೇನೆ, ಓದಿ.”

ಅವನು ಪುಸ್ತಕವನ್ನು ಅಡ್ಡ ತಿರುಗಿಸಿ ಬೆರಳಿಟ್ಟ. “ಹೇಳಿದವರು: ಮನೆಯ ಮೊಮ್ಮಗಳು, ಮೂರನೆಯ ತರಗತಿ. ಅಜ್ಜ ನಕ್ಕು, ಬರಕೋ ಎಂದರು.”

ದೊಡ್ಡಪ್ಪನ ಮಗಳು ಆಗಿನ್ನೂ ತೊಟ್ಟಿಲಲ್ಲಿದ್ದಳು. ಶಾಲೆಗೆ ಹೋಗುತ್ತಿದ್ದ ಮೊಮ್ಮಗಳು ನಾನೊಬ್ಬಳೇ.

ಎಷ್ಟು ತಡಕಿದರೂ ಆ ದಿನ ನನಗೆ ನೆನಪಾಗಲಿಲ್ಲ. ಈ ಕಥೆಯನ್ನು ಅಜ್ಜನಿಂದ ಕೇಳಿದೆನೆಂದೇ ಇಷ್ಟು ವರ್ಷ ತಿಳಿದಿದ್ದೆ. ಅಜ್ಜನೇ ಅದನ್ನು ನನ್ನಿಂದ ಕೇಳಿರಬೇಕು. ದೊಡ್ಡಪ್ಪ ಅಂದು ಗದ್ದೆಯಲ್ಲಿ ಇದ್ದಿರಬಹುದು. ಮುಂದಿನ ಸಲ ಹೆಳವರು ಓದಿದ್ದನ್ನು ಕೇಳಿ ನಂಬಿದರು. ಕತ್ತಿಯನ್ನು ಕಂಡು ದಳವಾಯಿಯನ್ನು ಹುಟ್ಟಿಸಿದೆನೋ, ದಳವಾಯಿಯನ್ನು ಹುಟ್ಟಿಸಿದ ಮೇಲೆ ಕತ್ತಿ ಕಂಡಿತೋ, ಈಗಲೂ ಹೇಳಲಾರೆ.

ದೊಡ್ಡಪ್ಪ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ಮುಖ ಸಣ್ಣದಾಗಿತ್ತು. ಬೀಗರಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದಾರೆಂದು ಎಲ್ಲರಿಗೂ ತಿಳಿಯಿತು. ತಪ್ಪು ನನ್ನದು, ನಾನೇ ಹೇಳುತ್ತೇನೆ ಎಂದೆ.

“ನೀ ಸುಮ್ನ ಕೂಡು. ಮೂರನೇತ್ತಿ ಹುಡುಗಿ ಮಾತು ನಂಬಿದ್ದು ನಾನು,” ಎಂದರು. ಹೆಳವನ ಕಡೆ ತಿರುಗಿ, “ಆ ಉಪ್ಪಿಂದು ಇನ್ನೊಮ್ಮೆ ಓದು ಮಾರಾಯ,” ಎಂದರು.

ಅವನು ಓದಿದ. ಹುಡುಗಿಯ ಮನೆಯವರು ಉಪ್ಪಿನ ಚೀಲ ಒದ್ದೆಯಾಗದಂತೆ ತಮ್ಮ ಜಗುಲಿ ಬಿಟ್ಟುಕೊಟ್ಟರು ಎಂಬ ಸಾಲು ಬಂದಾಗ ದೊಡ್ಡಪ್ಪ ತಲೆದೂಗಿದರು. ಇದನ್ನು ಹೇಳಿದವರು ಯಾರು ಎಂದು ನಾನು ಕೇಳದಿರಲು ಆಗಲಿಲ್ಲ. ಹೆಳವ ಹುಡುಕಿದ. ಆ ಅಂಚನ್ನು ಹುಳ ತಿಂದಿತ್ತು.

“ಹುಳಕ್ಕ ಇರೂ ಬುದ್ಧಿ ನಿನಗಿಲ್ಲ ನೋಡು,” ಎಂದಳು ದೊಡ್ಡವ್ವ.

ಡೈರಿಯಲ್ಲಿ ‘ಉಪ್ಪು: ಖಾತ್ರಿಯಿಲ್ಲ’ ಎಂದು ಬರೆದೆ. ಅದನ್ನು ದೊಡ್ಡಪ್ಪನಿಗೆ ಓದಿಯೂ ಹೇಳಿದೆ. ಹಾಗಾದರೆ ಕಲ್ಲಿಗೂ ಖಾತ್ರಿಯಿರುವಷ್ಟೇ ಸಾಕು ಎಂದು ಅವರು ಶಿರಸಿಗೆ ಫೋನು ಮಾಡಿ ಬರೀ ಮನೆಯ ಹೆಸರು ಕೆತ್ತಲು ಹೇಳಿದರು.

ಗೃಹಪ್ರವೇಶದ ದಿನ ಬೀಗರು ಕಲ್ಲಿನ ಮುಂದೆ ನಿಂತು, “ದಳವಾಯಿ ಎಲ್ಲಿ ಹೋದ್ರು?” ಎಂದರು. ದೊಡ್ಡಪ್ಪ ಏನನ್ನೂ ಮುಚ್ಚಿಡಲಿಲ್ಲ. ನನ್ನನ್ನು ಕರೆದು ತೋರಿಸಿಯೇ ಹೇಳಿದರು. ಉಪ್ಪಿನ ಕಥೆಯನ್ನೂ, ಅದಕ್ಕೆ ಖಾತ್ರಿಯಿಲ್ಲ ಎಂಬುದನ್ನೂ ಸೇರಿಸಿದರು. ಬೀಗರು ಹೊಟ್ಟೆ ಹಿಡಿದು ನಕ್ಕರು. ಊಟಕ್ಕೆ ಕೂತಾಗ ಹೋಳಿಗೆ ಮುರಿಯುತ್ತ, “ನಮ್ಮ ಹಿರೇರೂ ಸಣ್ಣವರೇನಲ್ಲ ಬೀಗರ. ದಂಡಿನಾಗ ಇದ್ರಂತ,” ಎಂದು ಶುರುಮಾಡಿದರು.

ತುಪ್ಪ ಬಡಿಸುತ್ತಿದ್ದ ದೊಡ್ಡಪ್ಪ ಕೈ ತಡೆದರು.

“ಹೇಳಿದವರು ಯಾರ್ರಿ?”